ತಾಳಿಕೋಟೆಯ ಚೀನಾ ಡಾಕ್ಟರು

ನನ್ನ ಮೊಮ್ಮಗಳು ಹಲ್ಲಿನ ಡಾಕ್ಟರಾದಳು! ಅವಳ ಕೋಟಿನ ಲವಂಗದೆಣ್ಣೆ ವಾಸನೆಗೆ ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತಿದೆ.

ತಾಳಿಕೋಟೆಯಲ್ಲಿ ಹಲ್ಲು ಕಟ್ಟುವ ಅಂಗಡಿ ಇಟ್ಟಿದ್ದ ಚೀನಾದ ಡಾಕ್ಟರು ನಮ್ಮ ಬೊಚ್ಚುಬಾಯಿಯ ಅಜ್ಜಿಗೆ ಹಲ್ಲಿನ ಸೆಟ್ಟು ಕೂಡಿಸಿದರು.

"ಕಡಕ್ ರೊಟ್ಟಿ ಕಡೀತಾವೇನಪಾ?" ಎಂದಳು, ಎರಡು ವರ್ಷ ಅಂಬಲಿ ಕುಡಿದು ಬೇಸತ್ತಿದ್ದ ಅಜ್ಜಿ.

"ಕಡೀತಾವ್ರೀ ಅವ್ವಾರ."

"ಮುರದ್ರ ಚೀನಾಕ್ಕ ನಿನ್ನ ಹುಡುಕ್ಕೊಂತ ಬರ್ಲೇನು? ನಡಿ ಮನಿಗೆ, ನಿನ್ನ ಮುಂದನ ಕಡೀತೇನಿ!"

ಡಾಕ್ಟರ ಕೈಹಿಡಿದು ನಮ್ಮೂರ ಬಸ್ ಹತ್ತಿಸಿಯೇ ಬಿಟ್ಟಳು. ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಡಾಕ್ಟರು ರೊಟ್ಟಿಯನ್ನು ಮತ್ತೆ ಮತ್ತೆ ಮೂಸಿದರು.

"ಯಾಕ, ಸೀದೈತೇನು?" ಎಂದಳು ಅಜ್ಜಿ.

"ಇಲ್ರೀ. ನಮ್ಮೂರಾಗೂ ಜ್ವಾಳ ಬೆಳೀತಾರ. ಬಿಟ್ಟು ಬಂದು ಮೂವತ್ತು ವರ್ಷಾತು."

ಅಜ್ಜಿ ಅವರ ತಾಟಿಗೆ ಇನ್ನೆರಡು ರೊಟ್ಟಿ ಹಾಕಿ, ತನ್ನದನ್ನು ಕಡಿದಳು. ಕಟಕ್ಕೆಂದಿತು. ಎಲ್ಲರೂ ಉಸಿರು ಬಿಗಿಹಿಡಿದೆವು.

ಮುರಿದದ್ದು ರೊಟ್ಟಿ! ಡಾಕ್ಟರೇ ಮೊದಲು ನಕ್ಕರು. ಆಮೇಲೆ ಎಲ್ಲರೂ ಹೊಟ್ಟೆ ಬಿರಿಯುವಂತೆ ಉಂಡೆವು.