ಬಿಸ್ಕತ್ತಿನ ಡಬ್ಬದೊಳಗಿನ ಬೆಕ್ಕು

"ಹಾಗಾದ್ರೆ ಬೆಕ್ಕನ್ನ ಕೊಂದೋರು ಯಾರು ಸಾರ್?"

ಬಸ್ಸಿನ ಡ್ರೈವರ್ ಎದ್ದೇ ನಿಂತಿದ್ದ. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಹನ್ನೊಂದು ಕುರ್ಚಿ, ಏಳು ಜನ. ಶಾಲೆಯಲ್ಲಿ ವಿಜ್ಞಾನವೆಂದರೆ ಮಾರು ದೂರ ಓಡಿದವರೆಲ್ಲ ಈಗ ಭಾನುವಾರ ಬೆಳಿಗ್ಗೆ ತಾವಾಗಿಯೇ ಬಂದು ಕೂರುತ್ತಿದ್ದರು. ಕಲಿಸುವವರು ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದ ಮೇಷ್ಟ್ರು.

"ಯಾರೂ ಕೊಂದಿಲ್ಲ, ಕೂತ್ಕೊಳ್ಳಪ್ಪ. ನಿಜವಾದ ಬೆಕ್ಕೇ ಇಲ್ಲ. ಇದು ತಲೆಯೊಳಗೆ ಮಾಡೋ ಪ್ರಯೋಗ."

ಮೇಜಿನ ಮೇಲೆ ಮನೆಯಿಂದ ತಂದ ಹಳೆಯ ಬಿಸ್ಕತ್ತಿನ ಡಬ್ಬವಿತ್ತು. ಮೇಷ್ಟ್ರು ಅದನ್ನು ತಟ್ಟಿದರು.

"ಇದರೊಳಗೆ ಬೆಕ್ಕು ಇದೆ ಅಂತಿಟ್ಕೊಳ್ಳಿ. ಜೊತೆಗೆ ಒಂದು ಪರಮಾಣು, ಒಂದು ಸುತ್ತಿಗೆ, ಒಂದು ವಿಷದ ಶೀಶೆ. ಒಂದು ಗಂಟೆಯೊಳಗೆ ಪರಮಾಣು ಸಿಡಿಯಬಹುದು, ಸಿಡಿಯದೇನೂ ಇರಬಹುದು. ಸಿಡಿದ್ರೆ ಸುತ್ತಿಗೆ ಬಿದ್ದು ಶೀಶೆ ಒಡೆಯುತ್ತೆ, ಬೆಕ್ಕಿನ ಕಥೆ ಮುಗೀತು. ಸಿಡಿಯದಿದ್ರೆ ಅದು ಮೀಸೆ ನೆಕ್ಕೊಂಡು ಕೂತಿರುತ್ತೆ. ನೋಡೋವರೆಗೂ ಪರಮಾಣು ಎರಡೂ ಸ್ಥಿತೀಲಿ ಇರುತ್ತೆ ಅನ್ನುತ್ತೆ ಗಣಿತ. ಹಾಗಾದ್ರೆ ಮುಚ್ಚಳ ತೆಗೆಯೋವರೆಗೂ ಬೆಕ್ಕು ಬದುಕಿಯೂ ಇದೆ, ಸತ್ತೂ ಇದೆ. ಹೀಗಾಗೋದುಂಟಾ ಅಂತ ಕೇಳೋಕೇ ಈ ಪ್ರಯೋಗ ಹುಟ್ಟಿದ್ದು."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು," ಎಂದರು ಟೈಲರಮ್ಮ. ಮುಂದಿನ ಸಾಲು ಅವರದೇ.

"ಬೆಕ್ಕಿಗೆ ಗೊತ್ತಿರಲ್ವಾ?" ಡ್ರೈವರ್ ಬಿಡಲಿಲ್ಲ. "ನಾವು ಹೊರಗೆ ತಲೆ ಕೆಡಿಸ್ಕೊಂಡು ಕೂತಿರ್ತೀವಿ. ಒಳಗಿರೋದರ ಪಾಡೇನು ಅಂತ ಯಾರೂ ಕೇಳಲ್ಲ."

ಮೇಷ್ಟ್ರು ಅವನತ್ತ ತಿರುಗುವಷ್ಟರಲ್ಲಿ ಟೈಲರಮ್ಮ ಡಬ್ಬ ಎತ್ತಿಕೊಂಡು ಮುಚ್ಚಳ ತೆಗೆದೇಬಿಟ್ಟರು.

"ಬೆಕ್ಕಿಲ್ಲ ಸಾರ್, ಕವರಿದೆ. ಅಯ್ಯೋ, ಒಡೆದೇ ಇಲ್ಲವಲ್ಲ!" ಅವರ ಬೆರಳು ಬಟ್ಟೆ ನೋಡುವಂತೆ ಅದನ್ನು ಸವರಿತು. "ಎಷ್ಟು ದಪ್ಪಗಿದೆ. ಲೈನಿಂಗ್ ಕೊಟ್ಟು ಹೊಲಿದ ಹಾಗೆ."

"ಇಡಿ ಅಲ್ಲಿ!"

ಮೇಷ್ಟ್ರ ದನಿ ಜೋರಾಯಿತು. ಮರುಗಳಿಗೆ ಅವರಿಗೇ ನಾಚಿಕೆಯಾಯಿತು. ಮನೆಯಲ್ಲಿ ಬೇರೆ ಡಬ್ಬ ಇರಲಿಲ್ಲ; ಕವರನ್ನು ಹೊರಗೆ ತೆಗೆದಿಡಲೂ ಕೈ ಬಂದಿರಲಿಲ್ಲ.

ಅದು ಮಗಳ ಕವರು. ತಾಯಿಯಿಲ್ಲದ ಮಗು. ಹತ್ತು ವರ್ಷದವಳಾಗಿದ್ದಾಗ ಇದೇ ಡಬ್ಬ ಮುಂದಿಟ್ಟು ಇದೇ ಬೆಕ್ಕಿನ ಕಥೆ ಹೇಳಿದ್ದರು. ಆಮೇಲೆ ಅವಳು ಅವರ ತರಗತಿಗೇ ಬಂದಳು. ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳ ಉತ್ತರವೂ ಪಕ್ಕದ ಹುಡುಗಿಯ ಉತ್ತರವೂ ಅಕ್ಷರಕ್ಕೆ ಅಕ್ಷರ ಒಂದೇ. ಮಗಳೆಂದು ಬಿಟ್ಟರು ಎಂಬ ಮಾತು ಬರಬಾರದೆಂದು ಮೇಷ್ಟ್ರು ಎಲ್ಲರೆದುರು ಅವಳಿಗೇ ಸೊನ್ನೆ ಹಾಕಿದರು. "ನಾನು ನೋಡಿ ಬರೆದಿಲ್ಲ ಅಪ್ಪಾ" ಎಂದು ಅವಳು ಒಂದೇ ಸಲ ಹೇಳಿದಳು. ಎರಡನೆಯ ಸಲ ಹೇಳುವ ಜಾಯಮಾನ ಅವಳದಲ್ಲ, ಅಪ್ಪನ ಮಗಳೇ. ಓದಲು ಸೋದರತ್ತೆಯ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಇಪ್ಪತ್ತು ವರ್ಷ ಕಳೆದ ಮೇಲೆ ಔಷಧಿ ಅಂಗಡಿಯ ಸಾಲಿನಲ್ಲಿ ಆ ಪಕ್ಕದ ಹುಡುಗಿ ಸಿಕ್ಕಳು. "ನೋಡಿ ಬರೆದದ್ದು ನಾನು ಸಾರ್" ಎಂದು ಅತ್ತಳು. ಅಂದೇ ಮೇಷ್ಟ್ರು ತಂಗಿಯಿಂದ ವಿಳಾಸ ಪಡೆದು ಮಗಳಿಗೆ ನಾಲ್ಕು ಪುಟ ಬರೆದರು. ತಪ್ಪು ನನ್ನದು, ಕ್ಷಮಿಸು ಎಂದರು. ಉತ್ತರಪತ್ರಿಕೆಯ ಕಟ್ಟಿಗೆ ಹಾಕುವಂತೆ, ಕವರಿನ ಅಂಟಿನ ಮೇಲೆ ಅಡ್ಡಲಾಗಿ ಹಸಿರು ಶಾಯಿಯ ಸಹಿಯನ್ನೂ ಹಾಕಿದರು. ಹುಟ್ಟುಗುಣ ಸುಟ್ಟರೂ ಹೋಗದು.

ಹನ್ನೆರಡನೆಯ ದಿನ ಈ ಕವರು ಬಂತು. ಇಷ್ಟು ದಪ್ಪ ಯಾರು ಬರೆಯುತ್ತಾರೆ? ಕ್ಷಮಿಸಿದವರು ಬರೆಯಬಹುದು. ಇಪ್ಪತ್ತು ವರ್ಷದ ಸಿಟ್ಟು ಕಟ್ಟಿಟ್ಟುಕೊಂಡವರೂ ಬರೆಯಬಹುದು. ಒಡೆಯುವ ತನಕ ಮಗಳು ಇದ್ದಾಳೆ ಎಂದುಕೊಳ್ಳಬಹುದಿತ್ತು. ಒಡೆದು, "ಇನ್ನು ಬರೆಯಬೇಡಿ" ಎಂದಿದ್ದರೆ ಅದೂ ಹೋಯಿತು. ಮೇಷ್ಟ್ರು ಅದನ್ನು ಡಬ್ಬಕ್ಕೆ ಹಾಕಿದರು. ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

ವಾರದ ಆರು ದಿನ ಅವರ ಗಂಟಲಿಗೆ ಕೆಲಸವಿರಲಿಲ್ಲ. ಭಾನುವಾರದ ಪಾಠಕ್ಕೆ ದನಿ ಏಳುತ್ತದೋ ಇಲ್ಲವೋ ಎಂದು ಶನಿವಾರ ಸಂಜೆ ಕನ್ನಡಿಯ ಮುಂದೆ ಒಮ್ಮೆ ಕೆಮ್ಮಿ ನೋಡಿಕೊಳ್ಳುತ್ತಿದ್ದರು. ಒಂಟಿತನ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಸಾರ್, ತಪ್ಪು ತಿಳೀಬೇಡಿ," ಟೈಲರಮ್ಮ ಅಂಚೆ ಮುದ್ರೆಯ ತಾರೀಕು ನೋಡಿ, ಕವರನ್ನು ಡಬ್ಬದಲ್ಲಿಡುತ್ತ ಮೆಲ್ಲಗೆ ಕೇಳಿದರು. "ನೀವು ಒಂದು ಗಂಟೆ ಅಂದ್ರಿ, ಸರಿ. ವರ್ಷಗಟ್ಟಲೆ ಮುಚ್ಚಿಟ್ರೆ ವಿಷ ಯಾಕೆ ಬೇಕು? ಬೆಕ್ಕು ಹಸಿವಿಂದಲೇ ಸಾಯುತ್ತೆ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಇವತ್ತಿಗೆ ಸಾಕು" ಎಂದರು.

ಮೆಟ್ಟಿಲ ಮೇಲೆ ಕೊನೆಯ ಚಪ್ಪಲಿಯ ಸದ್ದು ಇಳಿದುಹೋಯಿತು. ಮೇಷ್ಟ್ರು ಬಾಗಿಲು ಮುಂದೆ ಮಾಡಿ, ಕನ್ನಡಕ ಒರೆಸಿ, ಪೆನ್ನಿನ ತುದಿಯಿಂದ ಕವರಿನ ಅಂಚು ಸೀಳಿದರು. ಏನಿದ್ದರೂ ಇರಲಿ, ಪೂರ್ತಿ ಓದುತ್ತೇನೆ ಎಂದುಕೊಂಡರು.

ಒಳಗಿನಿಂದ ಇನ್ನೊಂದು ಕವರು ಜಾರಿ ಬಿತ್ತು. ಅದರ ಅಂಟಿನ ಮೇಲೆ ಅಡ್ಡಲಾಗಿ ಹಸಿರು ಸಹಿ. ಸಹಿ ಎಲ್ಲೂ ಹರಿದಿರಲಿಲ್ಲ.

ಜೊತೆಗೊಂದು ಚೀಟಿ. ಕೆಳಗೆ, ಕನ್ನಡಕವಿಲ್ಲದೆಯೂ ಓದಬಹುದಾದಷ್ಟು ದೊಡ್ಡದಾಗಿ, ಒಂದು ಫೋನ್ ನಂಬರು. ಮೇಲೆ ಮೂರೇ ಸಾಲು:

"ಅಪ್ಪಾ, ಒಡೆಯೋಕೆ ಧೈರ್ಯ ಬರಲಿಲ್ಲ, ಮುಚ್ಚಿದ್ದರೆ ಎರಡೂ ಇರುತ್ತೆ ಅಂತ ನೀವೇ ಹೇಳಿಕೊಟ್ಟಿದ್ದು. ಬೈದಿದ್ದೀರೋ, ಕರೆದಿದ್ದೀರೋ, ನೀವೇ ಒಡೆದು ಓದಿ ಹೇಳಿ. ಫೋನಿನ ಹತ್ತಿರವೇ ಕೂತಿರ್ತೀನಿ."