ಡಾಕ್ಟರ್ ಪ್ರಣತಿ ಆರಿಸಿಕೊಂಡ ಪಾಠ

ವಿಜಯಪುರ ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆ. ಹಾಸನದ ಡಾಕ್ಟರ್ ಪ್ರಣತಿ ಅಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು.

ಸಿಗುವ ಸ್ವಲ್ಪ ಬಿಡುವಿನಲ್ಲಿ ಹೊಸದೇನಾದರೂ ಕಲಿಯಬೇಕೆಂಬ ಆಸೆ ಅವಳಿಗೆ...

"ಸ್ಕ್ಯಾನಿಂಗ್ ಕೋರ್ಸ್ ಮಾಡವಾ. ಮುಂದ ಎಲ್ಲಿಗಿ ಹೋದ್ರೂ ಕೈ ಹಿಡೀತದ," ಎಂದರು ಹಿರಿಯ ವೈದ್ಯ ಬಿರಾದಾರ್. ಗೆಳತಿಯರೂ ಅದನ್ನೇ ಹೇಳಿದರು. ಪ್ರಣತಿ ಕೋರ್ಸ್ ಸೇರಲು ಸಿದ್ಧಳಾದಳು.

ಆ ವಾರವೇ ಲಂಬಾಣಿ ಜನರ ಊರಾದ ತಾಂಡಾದಿಂದ ಒಬ್ಬ ಅಜ್ಜಿ ಬಂದಳು. ಲಂಬಾಣಿ ಬಿಟ್ಟು ಬೇರೆ ಭಾಷೆ ಬಾರದು.

ಎದೆ ಮುಟ್ಟಿಕೊಂಡು ಏನೇನೋ ಹೇಳಿದಳು... ಪ್ರಣತಿ ಇಸಿಜಿ ಮಾಡಿಸಿದಳು. ಎಲ್ಲವೂ ಸರಿಯಾಗಿತ್ತು. ಆದರೂ ಅಜ್ಜಿಯ ಕಣ್ಣೀರು ನಿಲ್ಲಲಿಲ್ಲ.

ಪಕ್ಕದಲ್ಲಿದ್ದ ನರ್ಸ್ ಸೀತಕ್ಕ ತುಸು ಹಿಂಜರಿದು ಬಾಯಿ ಬಿಟ್ಟರು.

"ಆಕಿಗಿ ಎದಿನೋವಲ್ರಿ ಮೇಡಂ. ಹೋದ ತಿಂಗಳ ಮಗಳು ತೀರಿಕೊಂಡಾಳಂತ. ಆ ಸಂಕಟ ಹೇಳಾಕತ್ತಾಳ."

"ನಿಮಗೆ ಈ ಭಾಷೆ ಬರುತ್ತಾ ಅಕ್ಕಾ?"

"ನಾನೂ ತಾಂಡಾದಾಕಿನ ರೀ..." ಎಂದ ಸೀತಕ್ಕ, ಯಾರಿಗಾದರೂ ಕೇಳಿಸಿತೇ ಎಂಬಂತೆ ಅತ್ತಿತ್ತ ನೋಡಿದರು.

ಅಜ್ಜಿಯ ಕೈ ಹಿಡಿದು ಕುಳಿತ ಪ್ರಣತಿಗೆ ಒಂದೇ ಯೋಚನೆ. ದಿನವೂ ತನ್ನೆದುರು ಕೂರುವ ಎಷ್ಟೋ ಹೆಂಗಸರ ಮಾತು ತನಗೆ ತಿಳಿಯುತ್ತಿಲ್ಲ. ಸ್ಕ್ಯಾನಿಂಗ್ ಮುಂದೆ ಕಲಿಯಬಹುದು. ಇದು ಈಗಲೇ ಬೇಕು...

"ಅಕ್ಕಾ, ನನಗೆ ನಿಮ್ಮ ಭಾಷೆ ಕಲಿಸ್ತೀರಾ?"

ಸೀತಕ್ಕ ನಕ್ಕುಬಿಟ್ಟರು. "ಇದನ್ನ ಕಲ್ತು ಏನ್ ಮಾಡ್ತೀರಿ ಮೇಡಂ? ಇದಕ್ಕೇನು ಸರ್ಟಿಫಿಕೇಟ್ ಕೊಡ್ತಾರೇನ್ರಿ?"

ಆದರೂ ಕಲಿಸಿದರು. ಚಹಾ ಕುಡಿಯುವಾಗ ನಾಲ್ಕು ಮಾತು, ವಾರ್ಡಿನಲ್ಲಿ ನಡೆಯುವಾಗ ನಾಲ್ಕು ಮಾತು...

ಪ್ರಣತಿಯ ಉಚ್ಚಾರಣೆಗೆ ರೋಗಿಗಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗುತ್ತಲೇ ತಿದ್ದುತ್ತಿದ್ದರು.

ಹೀಗೆ ಹಲವು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಪಾರುಬಾಯಿ ಎಂಬ ತುಂಬು ಗರ್ಭಿಣಿ ಅತ್ತೆಯ ಜೊತೆ ಬಂದಳು. ಗಡಿಯಾಚೆಯ ತಾಂಡಾದಿಂದ ಮದುವೆಯಾಗಿ ಬಂದವಳು, ಕನ್ನಡ ಬಾರದು. ಅತ್ತೆಯೇ ಅವಳ ಸೊಂಟ ತೋರಿಸಿ ಹೇಳಿದಳು, "ಸ್ವಲ್ಪ ನಡಾ ನೋವಂತ್ರಿ. ಗುಳಿಗಿ ಕೊಡ್ರಿ, ಸಾಕು."

ಹೊರಗೆ ರೋಗಿಗಳ ಸಾಲು ಬೆಳೆದಿತ್ತು. ಸೀತಕ್ಕ ವಾರ್ಡಿನ ಕೆಲಸದಲ್ಲಿದ್ದರು. ಪ್ರಣತಿ ಚೀಟಿ ಬರೆಯಲು ಪೆನ್ನು ಎತ್ತಿಕೊಂಡಳು. ಹುಡುಗಿಯ ಮುಖದಲ್ಲಿ ಭಯ ಕಂಡು ಪೆನ್ನು ಕೆಳಗಿಟ್ಟಳು.

ಅತ್ತೆಯನ್ನು ಹೊರಗೆ ಕೂರಿಸಿ ಬಂದು, ಹರುಕು ಮುರುಕು ಲಂಬಾಣಿಯಲ್ಲಿ ಕೇಳಿದಳು: "ಬೇರೆ ಏನಾದರೂ ಇದೆಯಾ? ನನಗೊಬ್ಬಳಿಗೇ ಹೇಳು."

ಡಾಕ್ಟರ ಬಾಯಲ್ಲಿ ತನ್ನ ಭಾಷೆ ಕೇಳಿ ಪಾರುಬಾಯಿ ಬೆಚ್ಚಿದಳು. ಮರುಕ್ಷಣವೇ ಬಿಕ್ಕಿ ಬಿಕ್ಕಿ ಅಳುತ್ತಾ ಹೇಳಿದಳು...

ನಿನ್ನೆಯಿಂದ ಕೂಸು ಅಲುಗಾಡುತ್ತಿಲ್ಲ. ಮೊದಲನೆಯ ಕೂಸು ಹೋದಾಗ ಅತ್ತೆ ಹಾಸಿಗೆ ಹಿಡಿದಿದ್ದರು. ಅವರ ಮುಂದೆ ಹೇಗೆ ಹೇಳಲಿ?

ಪ್ರಣತಿ ಕೂಡಲೇ ಕೂಸಿನ ಎದೆಬಡಿತ ಪರೀಕ್ಷಿಸಿದಳು. ಬಡಿತ ತೀರಾ ನಿಧಾನವಾಗಿತ್ತು.

ಡಾಕ್ಟರ್ ಬಿರಾದಾರ್ ಓಡಿ ಬಂದರು. ತಡಮಾಡದೆ ಆಪರೇಷನ್ ಆಯಿತು...

ಹುಟ್ಟಿದ ಹೆಣ್ಣುಕೂಸು ಮೊದಲು ಅಳಲಿಲ್ಲ. ಪ್ರಣತಿ ಅದರ ಬೆನ್ನು ಉಜ್ಜಿದಳು. ಆಮೇಲೆ ಅತ್ತಿತು, ಇಡೀ ಆಸ್ಪತ್ರೆಗೆ ಕೇಳುವಂತೆ.

ಬಾಗಿಲಾಚೆ ಅತ್ತೆ ಕುಸಿದು ಕುಳಿತು ಕೈಮುಗಿದಳು. ಬಿರಾದಾರ್ ಮಾಸ್ಕ್ ತೆಗೆದು ಹೇಳಿದರು, "ಇನ್ನೊಂದ್ ತಾಸು ತಡ ಆಗಿದ್ರ ಕೂಸು ಉಳೀತಿರಲಿಲ್ಲ ಪ್ರಣತಿ."

ಪ್ರಣತಿ ನೇರವಾಗಿ ಸೀತಕ್ಕನ ಬಳಿ ಹೋಗಿ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಈ ಕೂಸನ್ನ ಉಳಿಸಿದ್ದು ನೀವು ಕಲಿಸಿದ ಮಾತು. ಹೇಗೆ ಥ್ಯಾಂಕ್ಸ್ ಹೇಳಲಿ?"

ಸೀತಕ್ಕ ತಲೆ ಅಲ್ಲಾಡಿಸಿದರು. ಕಣ್ಣು ತುಂಬಿತ್ತು.

"ನಾನ ನಿಮಗ ಹೇಳಬೇಕ್ರಿ ಮೇಡಂ. ಮಂದಿ ನಗತಾರಂತ ನನ್ನ ಮಕ್ಕಳಿಗೂ ಈ ಮಾತು ಕಲಿಸಿರಲಿಲ್ಲ. ನೀವು ಬಂದು ಕಲಿಸಂತ ಕೇಳಿದ ಮ್ಯಾಗ... ಈಗ ಮನ್ಯಾಗ ಅವರ ಜೋಡಿ ಇದನ್ನ ಮಾತಾಡ್ತೀನ್ರಿ. ನನ್ನ ಮಗಳು ನನ್ನ ಯಾಡಿ ಅಂತ ಕರೀತಾಳ."

ಯಾಡಿ... ಅಂದರೆ ಲಂಬಾಣಿಯಲ್ಲಿ ಅಮ್ಮ.

ಇಬ್ಬರೂ ಕೈ ಹಿಡಿದುಕೊಂಡೇ ಕೂಸನ್ನು ನೋಡಲು ಒಳಗೆ ಹೋದರು.

*ಏನು ಕಲಿತರೆ ನಾನು ಬೆಳೆಯುತ್ತೇನೆ ಎಂದು ಕೇಳುವ ಜೊತೆಗೆ, ನನಗೆ ಏನು ಬಾರದ ಕಾರಣ ಎದುರಿಗಿರುವವರು ನೋಯುತ್ತಿದ್ದಾರೆ ಎಂದೂ ಕೇಳಿಕೊಳ್ಳೋಣ.*

ನಿಮ್ಮ ಮನೆಯಲ್ಲಿ, ನಿಮ್ಮ ಕೆಲಸದಲ್ಲಿ... ನೀವು ಕಲಿಯಲಿ ಎಂದು ಸುಮ್ಮನೆ ಕಾಯುತ್ತಿರುವವರು ಯಾರು?