ನೂರಾ ಹನ್ನೆರಡನೇ ಬಿಲ್ಲು

ಡೇರಿಯಲ್ಲಿ ಕೊಂಡ ಹಿಂಡಿ ತಿಂದು ಊರಿನ ಮೂರು ಹಸು ಸತ್ತ ಮಾರನೆಯ ದಿನ, ಡೇರಿಯ ಕಾರ್ಯದರ್ಶಿ, ಬಿಲ್ಲು ಬರೆಯುವ ಪುಟ್ಟಲಕ್ಷ್ಮಿಯ ಕಂಪ್ಯೂಟರಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ಆ ಹಿಂಡಿಯ ಮೂರು ಬಿಲ್ ಅಳಿಸಿಬಿಡಮ್ಮ."

"ನಡುವೆ ನಂಬರು ಖಾಲಿ ಬೀಳುತ್ತೆ ಸಾರ್. ಆಡಿಟ್‌ನೋರು ಹಿಡೀತಾರೆ."

"ಮುಂದಿನವನ್ನೆಲ್ಲ ಹಿಂದಕ್ಕೆ ಸರಿಸು. ಒಂದೇ ಸಾಲು ಕಮಾಂಡ್ ಹೊಡೆದ್ರೆ ಎಲ್ಲಾ ಬದಲಾಗುತ್ತೆ ಅಂತ ನೀನೇ ಅಂದಿದ್ದೆ. ಕೆಲಸ ಕಾಯಂ ಆಗಬೇಕೋ, ಬೇಡವೋ?"

ಅವಳು ಒಂದು ಸಾಲು ಬರೆದು ಎಂಟರ್ ಒತ್ತಿದಳು. ಮೂರು ಬಿಲ್ಲು ಅಳಿದು, ಚೌಡಮ್ಮನ ಹೆಸರಲ್ಲಿ ನೂರಾ ಹದಿನೈದು ಇದ್ದದ್ದು ನೂರಾ ಹನ್ನೆರಡಾಯಿತು. ಉಳಿದವೆಲ್ಲ ಅದರ ಬೆನ್ನಿಗೆ ಒತ್ತಾಗಿ ನಿಂತವು.

ಸಂಜೆ ಹಾಲು ಹಾಕುವವರ ಸಾಲಿನಲ್ಲಿ ಮುದುಕ ಕೆಂಚಯ್ಯ ಕ್ಯಾನಿಲ್ಲದೆ ನಿಂತಿದ್ದ. ಸರದಿ ಬಂದಾಗ ಮಡಿಸಿದ ಬಿಲ್ಲು ಬಿಡಿಸಿ ಕೊಟ್ಟ.

"ಇದಿದ್ರೆ ಸತ್ತ ಹಸುವಿಗೆ ಪರಿಹಾರ ಕೊಡ್ತಾರಂತಲ್ಲ, ನೋಡವ್ವ."

ಬಿಲ್ಲಿನ ಮೇಲೆ ನೂರಾ ಹನ್ನೆರಡು ಎಂಬ ನಂಬರಿನ ಕೆಳಗೆ ಅವನ ಹೆಸರೇ ಅಚ್ಚಾಗಿತ್ತು. ಅವನಿಗೆ ಓದು ಬಾರದು. ಕಾರ್ಯದರ್ಶಿ ಒಳಗಿನಿಂದ ಅವಳನ್ನೇ ನೋಡುತ್ತಿದ್ದ.

"ನೂರಾ ಹನ್ನೆರಡು ಚೌಡಮ್ಮನ ಹೆಸರಲ್ಲಿದೆ ಅಜ್ಜ" ಎಂದಳು, ತಲೆ ಎತ್ತದೆ.

ಸಾಲಿನಲ್ಲಿ ಯಾರೋ ನಕ್ಕರು. ಮುದುಕ ಪೆಚ್ಚಾದ.

"ಅಯ್ಯೋ, ಅವತ್ತಿನ ಗದ್ದಲದಾಗೆ ಅವಳದ್ದು ನನ್ನ ಕೈಗೆ ಬಂದಿರಬೇಕು ಕಣವ್ವ. ಅವಳ ಹಸುನೂ ಹೋಗಿದ್ರೆ ಪಾಪ, ಇದನ್ನ ನೀನೇ ತಲುಪಿಸಿಬಿಡು."